ನೀರು ಧುಮುಕುವ ಕಡೆ ಹಡಗು ಹತ್ತುವುದು ಹೇಗೆ?

ಕೇಳಿ, ಹೇಳ್ತೀನಿ: ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ನೀರಾವರಿ ಎಂಜಿನಿಯರ್ ಒಬ್ಬರ ಉತ್ತರ

ಪ್ರಶ್ನೆ: ನಮ್ಮಣ್ಣ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಕೆಲಸದಲ್ಲಿದ್ದಾನೆ. ಕೊಲಂಬಿಯಾ ನದಿ ದಂಡೆಯಲ್ಲಿರುವ ಕ್ಯಾಸ್ಕೇಡ್ ಲಾಕ್ಸ್ ಅನ್ನುವ ಊರಿಗೆ ಹೋಗಿ ಒಂದು ಫೋಟೊ ಕಳಿಸಿದ್ದ. ಎರಡೂ ಕಡೆ ಎತ್ತರದ ಕಲ್ಲಿನ ಗೋಡೆ, ಮಧ್ಯೆ ನಿಂತ ನೀರು. ‘ಇದು ಹಡಗು ಹತ್ತಿಸೋಕೆ ಕಟ್ಟಿದ್ದು’ ಅಂತ ಬರೆದಿದ್ದ. ಪಕ್ಕದಲ್ಲೇ ಅಷ್ಟು ದೊಡ್ಡ ನದಿ ಇರುವಾಗ ಕಾಲುವೆ ಯಾಕೆ ತೋಡಿದರು ಸಾರ್? ಹಡಗು ಹತ್ತೋದು ಅಂದ್ರೆ ಏನು?
– ಪದವಿ ವಿದ್ಯಾರ್ಥಿನಿ, ಹರಿಹರ

ಉತ್ತರ: ನದಿ ದೊಡ್ಡದಾದ ಮಾತ್ರಕ್ಕೆ ಹಡಗು ಓಡಲ್ಲಮ್ಮ. ಆಳ ಬೇಕು, ಸೆಳವು ಕಡಿಮೆ ಇರಬೇಕು, ತಳದಲ್ಲಿ ಬಂಡೆ ಇರಬಾರದು. ಕೊಲಂಬಿಯಾ ನದಿಗೆ ಮೊದಲನೆಯದು ಬೇಕಾದಷ್ಟಿತ್ತು. ಉಳಿದೆರಡು, ನಿಮ್ಮಣ್ಣ ನಿಂತಿದ್ದ ಜಾಗದಲ್ಲಿ ಇರಲಿಲ್ಲ.

ಹದಿನೈದನೇ ಶತಮಾನದ ನಡುವಿನಲ್ಲಿ ಅಲ್ಲಿ ಒಂದು ಬೆಟ್ಟದ ಮಗ್ಗುಲೇ ಕುಸಿದು ನದಿಗೆ ಅಡ್ಡ ಬಿತ್ತು. ಕೆಲವು ಕಾಲ ನದಿ ಪೂರ್ತಿ ಕಟ್ಟಿಕೊಂಡಿತು. ಆಮೇಲೆ ನೀರು ಒಡ್ಡನ್ನು ಒಡೆದುಕೊಂಡು ನುಗ್ಗಿತು. ಮಣ್ಣು ಕೊಚ್ಚಿಹೋಯಿತು, ಮನೆ ಗಾತ್ರದ ಬಂಡೆಗಳು ಅಲ್ಲೇ ಉಳಿದವು. ಆ ಬಂಡೆಗಳ ಮಧ್ಯೆ ನದಿ ನೊರೆಯೆದ್ದು ಇಳಿಯತೊಡಗಿತು. ಆ ಕಡೆಯ ಮೂಲನಿವಾಸಿಗಳ ಕತೆಗಳಲ್ಲಿ ಅಲ್ಲೊಂದು ‘ದೇವರ ಸೇತುವೆ’ ಇತ್ತು ಅಂತ ಬರುತ್ತದೆ. ನದಿಗೆ ಅಡ್ಡ ಬಿದ್ದ ಆ ಒಡ್ಡಿನ ನೆನಪೇ ಅದು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. 1926ರಲ್ಲಿ ಅಲ್ಲಿ ಕಟ್ಟಿದ ಕಬ್ಬಿಣದ ಸೇತುವೆಗೂ ಅದೇ ಹೆಸರಿಟ್ಟರು.

1805ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರು ಈ ದಾರಿಯಲ್ಲಿ ಬಂದಾಗ ಸಾಮಾನೆಲ್ಲ ಇಳಿಸಿ ದಂಡೆ ಮೇಲೆ ಹೊತ್ತು ಸಾಗಿಸಬೇಕಾಯಿತು. ಐವತ್ತು ವರ್ಷ ಕಳೆದು ಉಗಿಹಡಗು ಬಂದಮೇಲೂ ಕತೆ ಅದೇ. ಮೇಲಿನಿಂದ ಬಂದ ಹಡಗು ಸೆಳವಿನ ತಲೆಯಲ್ಲಿ ನಿಲ್ಲುತ್ತಿತ್ತು. ಸರಕು ಇಳಿಸಬೇಕು, ದಂಡೆಯ ಮೇಲೆ ಸಾಗಿಸಬೇಕು, ಕೆಳಗೆ ಕಾಯುತ್ತಿದ್ದ ಇನ್ನೊಂದು ಹಡಗಿಗೆ ಏರಿಸಬೇಕು. ಮೊದಲು ಹೇಸರಗತ್ತೆ ಎಳೆಯುವ ಗಾಡಿ. 1862ರಲ್ಲಿ ಅದೇ ದಾರಿಗೆ ಒಂದು ಪುಟ್ಟ ಉಗಿ ಇಂಜಿನ್ ಬಂತು. ‘ಆರೆಗನ್ ಪೋನಿ’ ಅಂತ ಅದರ ಹೆಸರು. ಆರೆಗನ್ ಸೀಮೆಗೆ ಬಂದ ಮೊದಲ ರೈಲು ಇಂಜಿನ್ನೇ ಅದು.

ಇದರಲ್ಲಿ ಕಷ್ಟ ಯಾರಿಗೆ ಗೊತ್ತಾ? ಗೋಧಿ ಬೆಳೆದವನಿಗೆ. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರುವ ಯಾವ ರೈತನನ್ನಾದರೂ ಕೇಳಿ. ಚೀಲ ಒಂದು ಸಲ ಹೆಚ್ಚಿಗೆ ಎತ್ತಿ ಇಳಿಸಿದರೆ ಹಮಾಲಿ ಎಷ್ಟು, ಸೋರಿದ್ದೆಷ್ಟು, ತೂಕದಲ್ಲಿ ಹೋದದ್ದೆಷ್ಟು ಅಂತ ಲೆಕ್ಕ ಒಪ್ಪಿಸುತ್ತಾನೆ. ಅಲ್ಲಿ ಹಡಗೂ ದಂಡೆಯ ರೈಲೂ ಒಂದೇ ಕಂಪನಿಯ ಕೈಯಲ್ಲಿದ್ದವು. ಕಂಪನಿ ಹೇಳಿದ್ದೇ ಬಾಡಿಗೆ. ಹಾಗಾಗಿ, ಸರಕಾರವೇ ಕಾಲುವೆ ತೋಡಿ ಹಡಗನ್ನು ನೇರ ದಾಟಿಸಲಿ ಅಂತ ಕೂಗೆದ್ದಿತು.

ಕೆಲಸ ಶುರುವಾದದ್ದು 1878ರಲ್ಲಿ. ಮುಗಿದದ್ದು 1896ರ ನವೆಂಬರಿನಲ್ಲಿ. ಕಾಲುವೆ ಉದ್ದ ಸುಮಾರು 3,000 ಅಡಿ, ಅಂದರೆ ಒಂದು ಕಿಲೋಮೀಟರೂ ಇಲ್ಲ. ಅಗಲ 90 ಅಡಿ. ಹತ್ತಬೇಕಿದ್ದ ಎತ್ತರ ಸುಮಾರು 24 ಅಡಿ. ಇಷ್ಟಕ್ಕೆ ಹದಿನೆಂಟು ವರ್ಷ! ಕಾರಣ ಕೇಳಿದರೆ ನಮ್ಮ ಇಲಾಖೆಯವರು ಯಾರೂ ಆಶ್ಚರ್ಯಪಡಲ್ಲ. ವಾಷಿಂಗ್ಟನ್ನಿಂದ ದುಡ್ಡು ಕಂತಿನಲ್ಲಿ ಬರುತ್ತಿತ್ತು. ಕಂತು ಮುಗಿದರೆ ಕೆಲಸ ನಿಂತಿತು. ಸಾಲದ್ದಕ್ಕೆ 1894ರಲ್ಲಿ ಆ ನದಿಯ ದಾಖಲೆಯಲ್ಲಿರುವ ಅತಿ ದೊಡ್ಡ ಪ್ರವಾಹ ಬಂತು.

ಅಷ್ಟರಲ್ಲಿ ಏನಾಗಿತ್ತು ಅಂದರೆ, 1880ರ ದಶಕದಲ್ಲೇ ದಕ್ಷಿಣದ ದಂಡೆಗುಂಟ ಪೂರ್ತಿ ರೈಲು ಹಳಿ ಬಿದ್ದಿತ್ತು. ಕಾಲುವೆ ತೆರೆದ ದಿನ ಹಡಗುಗಳು ಬಂದವು, ಜನ ಸೇರಿದರು. ಆದರೆ ಸರಕು ಜಾಸ್ತಿ ಪಾಲು ಆಗಲೇ ರೈಲು ಹತ್ತಿಯಾಗಿತ್ತು.

ಮುಂದೆ 1938ರಲ್ಲಿ ಕೆಳಗಡೆ ಬಾನವಿಲ್ ಅಣೆಕಟ್ಟು ಮುಗಿಯಿತು. ಹಿನ್ನೀರು ಏರಿ ಆ ಸೆಳವು, ಬಂಡೆ, ಹಡಗು ಹತ್ತಿಸುವ ತೊಟ್ಟಿಯಾದ ಲಾಕ್‌ನ ಬಹುಪಾಲು ಎಲ್ಲ ಮುಳುಗಿದವು. ನಿಮ್ಮಣ್ಣ ನೋಡಿದ್ದು ನೀರಿನ ಮೇಲೆ ಉಳಿದ ಗೋಡೆಗಳನ್ನು. ಅವುಗಳ ಪಕ್ಕದಲ್ಲಿ ಮೂಲನಿವಾಸಿಗಳು ಮರದ ಅಟ್ಟಣೆ ಕಟ್ಟಿ ಇವತ್ತಿಗೂ ಸಾಲ್ಮನ್ ಮೀನು ಹಿಡಿಯುತ್ತಾರೆ. ಹಾಗಂತ ಅಲ್ಲಿ ಹಡಗಿನ ದಾರಿ ಮುಚ್ಚಿಹೋಗಿಲ್ಲ. ಅಣೆಕಟ್ಟಿನಲ್ಲೇ ಬೇರೆ ಲಾಕ್ ಇದೆ. ಅಂಥ ಎಂಟು ಲಾಕ್ ದಾಟಿದರೆ ಸಮುದ್ರದಿಂದ ಏಳುನೂರು ಕಿಲೋಮೀಟರಿಗೂ ಹೆಚ್ಚು ಒಳಗಿರುವ ಲೂಯಿಸ್ಟನ್ ಊರಿನ ತನಕ ಹೋಗಬಹುದು. ಅಲ್ಲಿಂದ ಗೋಧಿ ಬಾರ್ಜ್‌ಗಳಲ್ಲಿ ಕೆಳಗೆ ಬರುತ್ತದೆ.

ಇನ್ನು ಹಡಗು ಹತ್ತುವ ವಿಷಯ. ನದಿಯಲ್ಲಿ ಮೇಲಿನ ಮಟ್ಟ ಒಂದು, ಕೆಳಗಿನ ಮಟ್ಟ ಒಂದು. ಎರಡರ ನಡುವೆ ಒಂದು ಉದ್ದನೆಯ ಕಲ್ಲಿನ ತೊಟ್ಟಿ. ಲಾಕ್ ಅನ್ನುವುದು ಇದನ್ನೇ. ತೊಟ್ಟಿಗೆ ಎರಡು ತುದಿಯಲ್ಲೂ ಗೇಟು. ಕೆಳಗಿನಿಂದ ಹಡಗು ಬಂತು ಅನ್ನಿ. ತೊಟ್ಟಿಯ ನೀರು ಕೆಳಗಿನ ಮಟ್ಟಕ್ಕೇ ಇರುತ್ತದೆ, ಕೆಳಗಿನ ಗೇಟು ತೆರೆದಿರುತ್ತದೆ. ಹಡಗು ಸುಮ್ನೆ ಒಳಗೆ ಬರುತ್ತದೆ. ಹಿಂದೆ ಗೇಟು ಮುಚ್ಚುತ್ತಾರೆ. ಆಮೇಲೆ ಮೇಲಿನ ತೂಬು ಎತ್ತುತ್ತಾರೆ. ಮೇಲಿನ ನೀರು ತನ್ನಷ್ಟಕ್ಕೆ ತೊಟ್ಟಿಗೆ ಇಳಿಯುತ್ತದೆ. ನೀರು ಏರಿದಂತೆ ಹಡಗೂ ಏರುತ್ತದೆ. ತೊಟ್ಟಿ ಮೇಲಿನ ಮಟ್ಟಕ್ಕೆ ತುಂಬಿದಾಗ ಮುಂದಿನ ಗೇಟು ತೆರೆದರೆ ಆಯಿತು, ಹಡಗು ಹೊರಗೆ. ಇಳಿಯುವಾಗ ಇದೇ ಕೆಲಸ ಉಲ್ಟಾ.

ಹಡಗನ್ನು ಯಾರೂ ಎತ್ತಲಿಲ್ಲ ನೋಡಿ. ಎತ್ತಿದ್ದು ನೀರು. ಆ ನೀರೂ ಎಲ್ಲೂ ಹತ್ತಲಿಲ್ಲ, ಇಳಿಯಿತು ಅಷ್ಟೇ.

ಪ್ರಶ್ನೆ: ಲಾಕ್ ತುಂಬಿಸಲು ಎಷ್ಟು ಎಚ್‌ಪಿ ಪಂಪು ಬೇಕಾಗುತ್ತದೆ? ಹಳೇ ಚಿತ್ರವೊಂದರಲ್ಲಿ ಒಬ್ಬನೇ ಮನುಷ್ಯ ಉದ್ದದ ಮರದ ತೊಲೆಗೆ ಬೆನ್ನು ಕೊಟ್ಟು ಗೇಟು ತಳ್ಳುತ್ತಿದ್ದ. ಅಷ್ಟು ನೀರಿನ ಎದುರು ಒಬ್ಬನಿಂದ ಆಗುತ್ತದೆಯೇ? ಮಕ್ಕಳು ಕೇಳಿದರೆ ಏನು ಹೇಳಲಿ?
– ಪ್ರೌಢಶಾಲಾ ಶಿಕ್ಷಕರು, ಚಿತ್ರದುರ್ಗ

ಉತ್ತರ: ಪಂಪೇ ಬೇಡ ಮೇಷ್ಟ್ರೇ. ಅಮೆರಿಕ–ಕೆನಡಾ ಗಡಿಯಲ್ಲಿ ಸೇಂಟ್ ಮೇರೀಸ್ ನದಿಯ ಸೆಳವು ತಪ್ಪಿಸಲು ಸೂ ಲಾಕ್ಸ್ ಇವೆ. ಅಲ್ಲಿ ಸಾವಿರ ಅಡಿ ಉದ್ದದ ಹಡಗುಗಳು ಕಬ್ಬಿಣದ ಅದಿರು ಹೊತ್ತು 21 ಅಡಿ ಹತ್ತಿ ಇಳಿಯುತ್ತವೆ. 1855ರಿಂದ ಇವತ್ತಿನವರೆಗೆ ಅಲ್ಲಿ ಹಡಗನ್ನು ಏರಿಸುತ್ತಿರುವುದು ಬರೀ ಇಳಿಜಾರಿನ ನೀರು.

ಗೇಟಿನ ಮಾತು ಲೆಕ್ಕ ಹಾಕಿಯೇ ಹೇಳಬೇಕು. ಹತ್ತು ಅಡಿ ಅಗಲದ ಗೇಟು, ಒಂದು ಕಡೆ ಹತ್ತು ಅಡಿ ನೀರು, ಇನ್ನೊಂದು ಕಡೆ ಖಾಲಿ ಅಂದುಕೊಳ್ಳಿ. ನೀರು ಗೇಟನ್ನು ಒತ್ತುವ ಬಲ ಸುಮಾರು 14 ಟನ್. ಒಬ್ಬನಲ್ಲ, ಇಡೀ ತರಗತಿ ಬಂದು ತಳ್ಳಿದರೂ ಅಲ್ಲಾಡಲ್ಲ. ಈಗ ಎರಡೂ ಕಡೆ ಹತ್ತಡಿ ನೀರು ನಿಲ್ಲಿಸಿ. ಎರಡು ಬಲ ಒಂದನ್ನೊಂದು ಕಳೆದು ಸೊನ್ನೆ. ಆಗ ಗೇಟು ನಿಧಾನಕ್ಕೆ ಸರಿಯುತ್ತದೆ. ಆ ಚಿತ್ರದ ಮನುಷ್ಯ ತಳ್ಳುತ್ತಿದ್ದದ್ದು ನೀರು ಸಮವಾದ ಮೇಲೆ. ಅದಕ್ಕೆ ಮುಂಚೆ ಅವನೂ ತೊಲೆ ಮೇಲೆ ಕೂತು ಬೀಡಿ ಸೇದುತ್ತಿದ್ದಿರಬೇಕು.

ಇದನ್ನು ನಾನು ಕಲಿತದ್ದು ಪುಸ್ತಕಕ್ಕಿಂತ ಜಾಸ್ತಿ ಭದ್ರಾ ನಾಲೆಯ ಮೇಲೆ. ಉಪನಾಲೆಯ ತೂಬಿಗೆ ಕಬ್ಬಿಣದ ಗೇಟು, ಅದಕ್ಕೊಂದು ತಿರುಪಿನ ಸರಳು, ತುದಿಯಲ್ಲಿ ತಿರುಗಿಸುವ ಹಿಡಿ. ನಾಲೆ ತುಂಬಿ ಹರಿಯುತ್ತಿದ್ದಾಗ, ಉಪನಾಲೆ ಒಣಗಿದ್ದಾಗ, ನೀರಗಂಟಿ ಹಿಡಿಗೆ ಜೋತುಬಿದ್ದರೂ ಅದು ಮಿಸುಕುತ್ತಿರಲಿಲ್ಲ. ಗ್ರೀಸು ಬಳಿ, ಇನ್ನೊಬ್ಬನನ್ನು ಕರಿ, ಹಿಡಿಗೆ ಪೈಪು ಸಿಕ್ಕಿಸು, ಆಮೇಲೆ ಒಂದು ಸುತ್ತು. ಗೇಟು ಎರಡು ಬೆರಳು ಎದ್ದರೆ ಸಾಕು, ತಳದಿಂದ ನೀರು ಸಿಡಿದು ನಮ್ಮ ಪ್ಯಾಂಟೆಲ್ಲ ಒದ್ದೆ. ಅದೇ ಗೇಟು, ಕೆಳಗಡೆಯೂ ನೀರು ತುಂಬಿಕೊಂಡಾಗ, ಒಂದೇ ಕೈಯಲ್ಲಿ ತಿರುಗುತ್ತಿತ್ತು. ಮಕ್ಕಳನ್ನು ನೀರು ಬಿಟ್ಟ ದಿನ ನಾಲೆ ಹತ್ತಿರ ಕರೆದುಕೊಂಡು ಹೋಗಿ, ದೂರದಿಂದ ತೋರಿಸಿ. ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಬೇಗ ಅರ್ಥವಾಗುತ್ತದೆ.

ಲಾಕ್‌ನ ಗೇಟಿನಲ್ಲಿ ಇನ್ನೊಂದು ಜಾಣತನ ಇದೆ. ಅದು ಒಂದೇ ಹಲಗೆ ಅಲ್ಲ, ಎರಡು ಬಾಗಿಲು. ಮುಚ್ಚಿದಾಗ ಅವು ನೆಟ್ಟಗೆ ಒಂದೇ ಸಾಲಿನಲ್ಲಿ ನಿಲ್ಲಲ್ಲ. ಕೈಮುಗಿಯಲು ಹೊರಟವನ ಎರಡು ಅಂಗೈಗಳ ಹಾಗೆ, ನೀರು ಬರುವ ದಿಕ್ಕಿಗೆ ಮೂತಿ ಮಾಡಿ ಕೂಡುತ್ತವೆ. ಮೇಲಿನ ನೀರು ಒತ್ತಿದಷ್ಟೂ ಬಾಗಿಲು ಇನ್ನೂ ಬಿಗಿಯಾಗುತ್ತದೆ. ಅಗಳಿ ಬೇಡ, ಬೀಗ ಬೇಡ. ಆ 14 ಟನ್ ಬಲವನ್ನು ಎದುರಿಸುವ ಬದಲು ಕೆಲಸಕ್ಕೇ ಹಚ್ಚಿದ್ದಾರೆ. ನನಗೆ ಇಡೀ ಲಾಕ್‌ನಲ್ಲಿ ಬಹಳ ಇಷ್ಟವಾದ ಭಾಗ ಇದು.

ಮಕ್ಕಳಿಗೆ ಒಂದು ಲೆಕ್ಕವನ್ನೂ ಕೊಡಿ. ತೊಟ್ಟಿ 100 ಅಡಿ ಉದ್ದ, 20 ಅಡಿ ಅಗಲ, ಹತ್ತಬೇಕಾದ್ದು 10 ಅಡಿ. ಬೇಕಾದ ನೀರು 20,000 ಘನ ಅಡಿ. ನೂರು ಕ್ಯುಸೆಕ್, ಅಂದರೆ ಸೆಕೆಂಡಿಗೆ ನೂರು ಘನ ಅಡಿ ಬಿಟ್ಟರೆ ತುಂಬಲು ಎಷ್ಟು ಹೊತ್ತು? ಇನ್ನೂರು ಸೆಕೆಂಡು, ಮೂರೂವರೆ ನಿಮಿಷವೂ ಇಲ್ಲ. ಆಮೇಲೆ ಕೇಳಿ: ಹಡಗಿನಲ್ಲಿ ಸರಕು ತುಂಬಿದ್ದರೆ ಜಾಸ್ತಿ ನೀರು ಬೇಕಾ? ಮುಕ್ಕಾಲು ಪಾಲು ಮಕ್ಕಳು ಹೌದು ಅನ್ನುತ್ತಾರೆ. ಬೇಕಿಲ್ಲ. ಹಡಗು ತನ್ನ ತೂಕದಷ್ಟು ನೀರನ್ನು ಒಳಗೆ ಬರುವಾಗಲೇ ಹೊರಗೆ ತಳ್ಳಿರುತ್ತದೆ. ಖಾಲಿ ಹಡಗಿಗೂ ತುಂಬಿದ ಹಡಗಿಗೂ ಅದೇ 20,000 ಘನ ಅಡಿ.

ಪ್ರಶ್ನೆ: ಲಾಕ್ ಕಂಡುಹಿಡಿದದ್ದು ಲಿಯೊನಾರ್ಡೊ ಡ ವಿಂಚಿ ಅಂತ ಓದಿದ್ದೆ. ನಿಜವೇ?
– ಓದುಗರು, ಜಗಳೂರು

ಉತ್ತರ: ಮೇಲೆ ಹೇಳಿದ ಮೂತಿ ಬಾಗಿಲಿನ ಕೀರ್ತಿಯನ್ನು ಸಾಮಾನ್ಯವಾಗಿ ಅವನಿಗೆ ಕೊಡುತ್ತಾರೆ. ಮಿಲಾನ್‌ನಲ್ಲಿ, ಹದಿನೈದನೇ ಶತಮಾನದ ಕೊನೆಯಲ್ಲಿ. ಎರಡು ಗೇಟಿನ ತೊಟ್ಟಿ ಮಾತ್ರ ಅದಕ್ಕಿಂತ ಐನೂರು ವರ್ಷ ಹಳೆಯದು. 984ರಲ್ಲಿ ಚೀನಾದ ಚಿಯಾವೊ ವೈಯುವೆ ಎಂಬ ಅಧಿಕಾರಿ ಮಹಾ ಕಾಲುವೆಯ ಮೇಲೆ ಮಾಡಿಸಿದ. ಅಲ್ಲಿಯವರೆಗೆ ದೋಣಿಗಳನ್ನು ಹಗ್ಗ ಕಟ್ಟಿ ಇಳಿಜಾರು ಕಟ್ಟೆಯ ಮೇಲೆ ಎಳೆದು ದಾಟಿಸುತ್ತಿದ್ದರು. ದೋಣಿ ಒಡೆಯುತ್ತಿತ್ತು. ಒಡೆದ ದೋಣಿಯಿಂದ ಸರಕಾರಿ ಕಂದಾಯದ ಧಾನ್ಯ ಕಳುವಾಗುತ್ತಿತ್ತು, ಅದರಲ್ಲಿ ಅಲ್ಲಿನ ಆಳುಗಳೂ ಶಾಮೀಲು. ಕಳ್ಳತನ ತಾಳಲಾರದೆ ಹುಟ್ಟಿದ ಎಂಜಿನಿಯರಿಂಗ್ ಇದು.

ಪ್ರಶ್ನೆ: ನಮ್ಮ ತಂದೆ ಹತ್ತಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಹಿಂದೆ ಹತ್ತಿ ಸಾಗಿಸಲೆಂದೇ ಬ್ರಿಟಿಷರು ನದಿಯಲ್ಲಿ ಹಡಗಿನ ದಾರಿ ಮಾಡಲು ಹೊರಟಿದ್ದರು ಅಂತ ಹೇಳುತ್ತಿದ್ದರು. ನಮ್ಮ ದೇಶದಲ್ಲಿ ಅಂಥದ್ದು ನಡೆದಿತ್ತೇ?
– ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ

ಉತ್ತರ: ನಡೆದಿತ್ತು. ನಿಮ್ಮ ತಂದೆಯವರು ಹೇಳಿದ್ದು ಗೋದಾವರಿಯ ಕತೆ ಇರಬೇಕು.

ಆರ್ಥರ್ ಕಾಟನ್ ಹೆಸರು ಕೇಳಿರುತ್ತೀರಿ. ರಾಜಮಂಡ್ರಿ ಹತ್ತಿರ ಧವಳೇಶ್ವರದ ಅಣೆಕಟ್ಟು ಕಟ್ಟಿಸಿದವರು. ಅದು ಮುಗಿದದ್ದು 1852ರಲ್ಲಿ. ಈಗಲೂ ಆ ಜಿಲ್ಲೆಗಳಲ್ಲಿ ಅವರ ಪ್ರತಿಮೆಗಳಿಗೆ ಹಾರ ಹಾಕುತ್ತಾರೆ. ಸರಕು ಸಾಗಿಸಲು ರೈಲಿಗಿಂತ ನೀರಿನ ದಾರಿ ಅಗ್ಗ ಅನ್ನುವುದು ಅವರ ಜೀವಮಾನದ ವಾದ. ನಾಗಪುರ, ವರ್ಹಾಡ ಸೀಮೆಯ ಹತ್ತಿಯನ್ನು ಗೋದಾವರಿಯಲ್ಲೇ ಸಮುದ್ರಕ್ಕೆ ಇಳಿಸೋಣ ಅಂದರು. ಹೆಸರೂ ಕಾಟನ್, ಸರಕೂ ಕಾಟನ್.

ಗೋದಾವರಿಯಲ್ಲೂ ಅದೇ ತೊಡಕು, ಬಂಡೆ. ಮೇಲಿನ ಭಾಗದಲ್ಲಿ ಮೂರು ಕಡೆ ನದಿಗೆ ಅಡ್ಡವಾಗಿ ಕಲ್ಲಿನ ತಡೆಗಳಿದ್ದವು. ಮೊದಲನೆಯದು ಭದ್ರಾಚಲದಿಂದ ಸ್ವಲ್ಪ ಮೇಲೆ ದುಮ್ಮುಗುಡೆಂನಲ್ಲಿ. ಎರಡನೆಯದು ಇಂಚಂಪಲ್ಲಿ. ಮೂರನೆಯದು ಇನ್ನೂ ಮೇಲೆ ದೇವಲಮರಿ. ಒಂದೊಂದು ತಡೆಗೂ ಒಂದು ಒಡ್ಡು, ಪಕ್ಕದಲ್ಲಿ ಕಾಲುವೆ, ಕಾಲುವೆಯಲ್ಲಿ ಲಾಕ್. ಯೋಚನೆ ಕ್ಯಾಸ್ಕೇಡ್‌ದೇ, ಆದರೆ ಅದಕ್ಕಿಂತ ಮುಂಚಿನದು. ಕೆಲಸದ ಹೊಣೆ ಹೇಗ್ ಎಂಬ ಸೇನಾ ಎಂಜಿನಿಯರ್‌ಗೆ ಬಂತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ನಿಂತಿತು. ಮ್ಯಾಂಚೆಸ್ಟರಿನ ಗಿರಣಿಗಳು ಖಾಲಿ ಕೂತವು. ನಮ್ಮ ದೇಶದ ಹತ್ತಿಗೆ ಇದ್ದಕ್ಕಿದ್ದಂತೆ ಬಂಗಾರದ ಬೆಲೆ ಬಂತು. ಗೋದಾವರಿ ದಾರಿ ಬೇಗ ಆಗಲಿ ಅಂತ ಮ್ಯಾಂಚೆಸ್ಟರಿನ ವ್ಯಾಪಾರಿಗಳೇ ಒತ್ತಾಯಿಸಿದರು.

ಆದರೆ ನದಿಯ ಆ ಭಾಗ ದಟ್ಟ ಕಾಡು. ಮಲೇರಿಯಾ. ಕೂಲಿಗಳು ನಿಲ್ಲುತ್ತಿರಲಿಲ್ಲ. ಮಳೆಗಾಲದಲ್ಲಿ ನದಿ ಕೆಲಸ ಮಾಡಲು ಬಿಡುತ್ತಿರಲಿಲ್ಲ, ಬೇಸಿಗೆಯಲ್ಲಿ ದೋಣಿಗೇ ನೀರಿರಲಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿ ಬೆಲೆ ಬಿತ್ತು. 1867ರಲ್ಲಿ ಬೊಂಬಾಯಿಯಿಂದ ನಾಗಪುರಕ್ಕೆ ರೈಲು ಮುಟ್ಟಿತು. ಹತ್ತಿ ವ್ಯಾಪಾರಿಯ ಜಾಗದಲ್ಲಿ ನಿಂತು ಯೋಚಿಸಿ. ವರ್ಷಕ್ಕೆ ಕೆಲವೇ ತಿಂಗಳು ತೆರೆದಿರುವ ನದಿಯೋ, ದಿನಾ ಹೊರಡುವ ರೈಲೋ? 1871ರಲ್ಲಿ ಸರಕಾರ ಕೆಲಸ ನಿಲ್ಲಿಸಿತು. ದುಮ್ಮುಗುಡೆಂ ಒಡ್ಡು ಮಾತ್ರ ಉಳಿಯಿತು.

ಕೊಲಂಬಿಯಾದಲ್ಲಿ ರೈಲು ಬಂದಮೇಲೂ ಕಾಲುವೆ ಮುಗಿಸಿದರು, ಇಲ್ಲಿ ಅರ್ಧಕ್ಕೆ ಬಿಟ್ಟರು. ಯಾರು ಜಾಣರು ಅಂತ ನನ್ನನ್ನು ಕೇಳಿದರೆ, ಬಿಟ್ಟವರೇ ಅನ್ನುತ್ತೇನೆ. ಲಾಕ್ ಕಟ್ಟುವುದು ಕಷ್ಟದ ವಿದ್ಯೆ ಅಲ್ಲ. ಸರಕು ಬೇರೆ ದಾರಿ ಹಿಡಿಯುವುದರೊಳಗೆ ಅದನ್ನು ಮುಗಿಸುವುದು ಕಷ್ಟ.

ನಮ್ಮ ತುಂಗಭದ್ರೆಗೂ ಇದರ ನಂಟಿದೆ. ಹರಿಹರ ದಾಟಿ, ಹೊಸಪೇಟೆ ದಾಟಿ ಹೋದ ನೀರು ಕರ್ನೂಲಿಗೆ ಮುಂಚೆ ಸುಂಕೇಸುಲದಲ್ಲಿ ಒಂದು ಕಾಲುವೆಗೆ ತಿರುಗುತ್ತದೆ. ಕರ್ನೂಲು–ಕಡಪ ಕಾಲುವೆ, ಆ ಕಡೆ ಕೆ.ಸಿ. ಕೆನಾಲ್ ಅನ್ನುತ್ತಾರೆ. 1860ರ ದಶಕದಲ್ಲಿ ಒಂದು ಖಾಸಗಿ ಕಂಪನಿ ಅದನ್ನು ತೋಡಿದ್ದು ನೀರಾವರಿ ಮತ್ತು ದೋಣಿ, ಎರಡಕ್ಕೂ. ಲಾಕ್‌ಗಳೂ ಇದ್ದವು. ಕಂಪನಿಗೆ ಲಾಭ ಹುಟ್ಟಲಿಲ್ಲ, ಕೊನೆಗೆ 1882ರಲ್ಲಿ ಸರಕಾರವೇ ಕೊಂಡುಕೊಂಡಿತು. ದೋಣಿ ನಿಂತು ಎಷ್ಟೋ ಕಾಲವಾಯಿತು. ಗದ್ದೆಗೆ ನೀರು ಇವತ್ತಿಗೂ ಹೋಗುತ್ತಿದೆ.

ಪ್ರಶ್ನೆ: ಹಾಗಾದರೆ ತುಂಗಭದ್ರೆಯಲ್ಲಿ ನಾಲ್ಕಾರು ಲಾಕ್ ಕಟ್ಟಿದರೆ ಹೊನ್ನಾಳಿಯಿಂದ ಹಂಪಿಗೆ ಬೋಟಿನಲ್ಲಿ ಹೋಗಬಹುದಲ್ಲವೇ? ಲಾರಿ ಬಾಡಿಗೆ ಉಳಿಯುತ್ತದೆ, ಪ್ರವಾಸಿಗರೂ ಬರುತ್ತಾರೆ. ಯಾಕೆ ಯಾರೂ ಯೋಚಿಸುವುದಿಲ್ಲ?
– ಅಡಿಕೆ ಬೆಳೆಗಾರರು, ಹೊನ್ನಾಳಿ ತಾಲ್ಲೂಕು

ಉತ್ತರ: ಯೋಚಿಸಿಲ್ಲ ಅನ್ನಬೇಡಿ ಗೌಡ್ರೇ. 2016ರಲ್ಲಿ ಕೇಂದ್ರ ಸರಕಾರ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿ ಮಾಡಿ ಕಾಯ್ದೆ ತಂದಿತು. ಅದರಲ್ಲಿ ತುಂಗಭದ್ರೆ ಹೆಸರೂ ಇದೆ. ಪಟ್ಟಿಯಲ್ಲಿ ಹೆಸರಿರುವುದು ಬೇರೆ, ನದಿಯಲ್ಲಿ ನೀರಿರುವುದು ಬೇರೆ.

ಮಾರ್ಚ್ ತಿಂಗಳಲ್ಲಿ ನಿಮ್ಮ ಹೊನ್ನಾಳಿ ಸೇತುವೆ ಕೆಳಗೆ ದನ ದಾಟಿಕೊಂಡು ಹೋಗುತ್ತವೆ. ಲಾಕ್ ಕಟ್ಟಿದರೆ ಹೊಸ ನೀರು ಹುಟ್ಟಲ್ಲ. ಇರುವ ನೀರನ್ನು ಒಡ್ಡು ಹಾಕಿ ನಿಲ್ಲಿಸಬೇಕು. ನಿಲ್ಲಿಸಿದರೆ ಕೆಳಗಿನವರು ಸುಮ್ನಿರ್ತಾರಾ? ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ಬರಲಿಲ್ಲ ಅಂತ ಪ್ರತಿ ಬೇಸಿಗೆ ರಸ್ತೆ ತಡೆ ಆಗುವ ಜಿಲ್ಲೆ ನಮ್ಮದು. ಇನ್ನು ಹೊಸಪೇಟೆ ಅಣೆಕಟ್ಟು. ಸುಮಾರು 160 ಅಡಿ ಎತ್ತರ, ಅದರಲ್ಲಿ ಹಡಗಿನ ಲಾಕ್ ಇಲ್ಲ. ಅದನ್ನು ದಾಟಿದರೆ ಹಂಪಿಯ ಬಂಡೆಗಳು. ಅಲ್ಲಿ ಇವತ್ತಿಗೂ ಹರಿಗೋಲು ಉಳಿದಿರುವುದು ಪ್ರವಾಸಿಗರ ಮೋಜಿಗಷ್ಟೇ ಅಲ್ಲ. ತಳ ಚಪ್ಪಟೆ, ಮೊಳಕಾಲುದ್ದ ನೀರಿದ್ದರೂ ತೇಲುತ್ತದೆ, ಬಂಡೆಗೆ ತಾಗಿದರೆ ತಿರುಗಿಕೊಂಡು ಹೋಗುತ್ತದೆ. ಆ ನದಿಗೆ ಅದೇ ಸರಿಯಾದ ಹಡಗು.

ದುಡ್ಡಿನ ಲೆಕ್ಕವೂ ಕೂಡಲ್ಲ. ನೀರಿನ ದಾರಿ ಅಗ್ಗವಾಗುವುದು ಅದಿರು, ಕಲ್ಲಿದ್ದಲು, ಗೋಧಿಯಂಥ ಭಾರದ ಸರಕು ಸಾವಿರಾರು ಟನ್ ಒಟ್ಟಿಗೆ, ವರ್ಷವಿಡೀ ಹೋದಾಗ. ನಿಮ್ಮ ಅಡಿಕೆ ತೂಕದಲ್ಲಿ ಕಡಿಮೆ, ಬೆಲೆಯಲ್ಲಿ ಜಾಸ್ತಿ. ಹೊನ್ನಾಳಿಯಲ್ಲಿ ಲಾರಿಗೆ ಹಾಕಿದರೆ ಹರಿಹರದ ಹತ್ತಿರ ಪಿ.ಬಿ. ರೋಡ್ (ಪುಣೆ–ಬೆಂಗಳೂರು ಹೆದ್ದಾರಿ) ಸಿಗುತ್ತದೆ, ಮಾರನೇ ದಿನ ಊರು ಮುಟ್ಟುತ್ತದೆ. ನಾಲ್ಕು ಲಾಕ್ ದಾಟಿಕೊಂಡು ಬರುವ ದೋಣಿಗೆ ನೀವೇ ಅಡಿಕೆ ಹಾಕಲ್ಲ.

ನೀರು ಸಾಕಷ್ಟಿದ್ದ ಕಡೆಯೂ ಲಾಕ್‌ಗೆ ಬರ ತಟ್ಟುತ್ತದೆ. 2023ರಲ್ಲಿ ಪನಾಮಾ ಕಾಲುವೆಯ ಕಡೆ ಮಳೆ ಕೈಕೊಟ್ಟಿತು. ಅಲ್ಲಿ ಹಡಗು ದಾಟಿಸುವ ಪ್ರತಿ ಸಲವೂ ಗಾಟೂನ್ ಕೆರೆಯ ಸಿಹಿನೀರು ಸಮುದ್ರಕ್ಕೆ ಹೋಗುತ್ತದೆ. ಕೆರೆ ಇಳಿದದ್ದಕ್ಕೆ ದಿನಕ್ಕೆ ಬಿಡುವ ಹಡಗುಗಳ ಸಂಖ್ಯೆಯನ್ನೇ ಇಳಿಸಿದರು. ಹಡಗುಗಳು ವಾರಗಟ್ಟಲೆ ಸಾಲು ನಿಂತವು.

ಪ್ರಶ್ನೆ: ಲಾಕ್ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕು. ಅಮೆರಿಕಕ್ಕೆ ಹೋಗಲಾಗದವರು ಏನು ಮಾಡಬೇಕು?
– ಗೃಹಿಣಿ, ಹೊಳಲ್ಕೆರೆ

ಉತ್ತರ: ಕೇರಳಕ್ಕೆ ಹೋಗಿ ತಾಯಿ. ಆಲಪ್ಪುಳ ಕಡೆ ಹೋಗುವವರು ಹೌಸ್‌ಬೋಟ್ ನೋಡಿ ವಾಪಸ್ ಬಂದುಬಿಡುತ್ತಾರೆ. ಅಲ್ಲೇ ಹತ್ತಿರ ವೆಂಬನಾಡ್ ಸರೋವರಕ್ಕೆ ಅಡ್ಡ ಕಟ್ಟಿದ ತಣ್ಣೀರ್‌ಮುಕ್ಕಂ ಒಡ್ಡು ಇದೆ. ಸಮುದ್ರದ ಉಪ್ಪುನೀರು ಕುಟ್ಟನಾಡಿನ ಗದ್ದೆಗೆ ನುಗ್ಗದಿರಲಿ ಅಂತ ಕಟ್ಟಿದ್ದು. ದೋಣಿ ದಾಟಲು ಅದರಲ್ಲಿ ಲಾಕ್ ಇಟ್ಟಿದ್ದಾರೆ. ಒಡ್ಡಿನ ಗೇಟು ಮುಚ್ಚುವುದು ಮಳೆಯಿಲ್ಲದ ಒಣ ತಿಂಗಳುಗಳಲ್ಲಿ, ಹಾಗಾಗಿ ಮಳೆಗಾಲದಲ್ಲಿ ಹೋದರೆ ನೋಡಲು ಏನೂ ಸಿಗಲಿಕ್ಕಿಲ್ಲ. ಎತ್ತರ ಹತ್ತುವ ದೊಡ್ಡ ಲಾಕ್ ಅಲ್ಲ ಅದು. ಆದರೆ ಒಂದು ಗೇಟು ಮುಚ್ಚಿದ ಮೇಲೆ ಇನ್ನೊಂದು ತೆರೆಯುವ ಕ್ರಮ ತಿಳಿಯಲು ಅಷ್ಟು ಸಾಕು. ಹೊರಡುವ ಮುಂಚೆ ಅಲ್ಲಿನ ದೋಣಿಯವರನ್ನು ಒಂದು ಮಾತು ಕೇಳಿಕೊಳ್ಳಿ.